ಡ್ಯೂಕನ ಬೆಟ್ಟ, ಜನರ ಕಾಲುದಾರಿ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ನಡೆಯಲು ಹೊರಟ ಕನ್ನಡಿಗರ ಹೆಜ್ಜೆ ಮೊದಲು ತಡವರಿಸುವುದು ಬೆಟ್ಟದ ಏರಿನಲ್ಲಲ್ಲ, ರೈತನ ಗೇಟಿನ ಮುಂದೆ. ಕಾಲುದಾರಿ ನೇರವಾಗಿ ಯಾರದೋ ಹುಲ್ಲುಗಾವಲಿಗೆ ಇಳಿಯುತ್ತದೆ, ಮೇಯುವ ಕುರಿಗಳ ನಡುವೆ ಹಾಯುತ್ತದೆ, ಕೆಲವು ಕಡೆ ಮನೆಯ ಅಂಗಳವನ್ನೇ ದಾಟಿಕೊಂಡು ಹೋಗುತ್ತದೆ. ಅಲ್ಲೇ ಟ್ರ್ಯಾಕ್ಟರ್ ನಿಂತಿರುತ್ತದೆ, ಪಕ್ಕದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ‘ಯಾರು ನೀವು, ಏನಾಗಬೇಕಿತ್ತು?’ ಎಂದು ಯಾರಾದರೂ ಗದರಿಯಾರು ಎಂಬ ಅಳುಕು. ಯಾರೂ ಗದರುವುದಿಲ್ಲ. ಗೇಟಿನ ಕಂಬಕ್ಕೆ ಒಂದು ಪುಟ್ಟ ಬಿಲ್ಲೆ ಹೊಡೆದಿರುತ್ತಾರೆ, ಅದರ ಮೇಲೆ ಹಳದಿ ಬಾಣ. ಆ ಬಾಣ ತೋರಿದತ್ತ ನಡೆಯಲು ರೈತನ ದಾಕ್ಷಿಣ್ಯ ಬೇಕಿಲ್ಲ, ಅದು ನಡೆಯುವವರ ಹಕ್ಕು.

ಇದನ್ನು ಚೆನ್ನಾಗಿ ಕಾಣಬೇಕಾದರೆ ಪೀಕ್ ಡಿಸ್ಟ್ರಿಕ್ಟ್‌ಗೆ ಹೋಗಬೇಕು. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಗರಗಳ ನಡುವೆ ಹರಡಿಕೊಂಡಿರುವ ಈ ಬೆಟ್ಟದ ಸೀಮೆ 1951ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತಾರ ಸುಮಾರು 1,437 ಚದರ ಕಿಲೋಮೀಟರ್. ರಾಷ್ಟ್ರೀಯ ಉದ್ಯಾನ ಎಂದೊಡನೆ ನಾಗರಹೊಳೆ, ಬಂಡೀಪುರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಅಲ್ಲಿ ಗೊಂದಲವೇ. ಪ್ರವೇಶದ್ವಾರವಿಲ್ಲ, ಟಿಕೆಟ್ ಇಲ್ಲ, ಸಫಾರಿ ಜೀಪು ಇಲ್ಲ. ಊರುಗಳಿವೆ, ಚರ್ಚುಗಳಿವೆ, ಕಲ್ಲಿನ ಕ್ವಾರಿಗಳಿವೆ, ಹೋಪ್ ಎಂಬ ಊರಿನ ಬಳಿ ಹೊಗೆಕೊಳವೆ ಎತ್ತಿ ನಿಂತ ಸಿಮೆಂಟ್ ಕಾರ್ಖಾನೆಯೂ ಇದೆ. ನೆಲದ ಬಹುಪಾಲು ಖಾಸಗಿಯವರದು. ಆದರೂ ಸಾಧಾರಣ ಬೂಟು ಮೆಟ್ಟಿದ ಅರವತ್ತರ ಅಜ್ಜಿ ಒಂದು ಮಧ್ಯಾಹ್ನದಲ್ಲಿ ಹೊಳೆಯ ಕಣಿವೆಯಿಂದ ಹೊರಟು, ಓಕ್ ಕಾಡು ಹಾದು, ಮರವಿಲ್ಲದ ಬಯಲುಬೆಟ್ಟ ಕಂಡು, ಚಹಾ ಕುಡಿದು ರೈಲು ಹಿಡಿಯಬಹುದು. ಈ ಸಲೀಸು ಪ್ರಕೃತಿ ಕೊಟ್ಟದ್ದಲ್ಲ. ಜಗಳವಾಡಿ, ಚಂದಾ ಎತ್ತಿ, ಕಾನೂನು ಬರೆಸಿ ಅಲ್ಲಿನ ಜನ ಮಾಡಿಕೊಂಡದ್ದು.

ಕಾಲುದಾರಿಯ ಕಾನೂನು ನಮಗೆ ಅಷ್ಟೇನೂ ಅಪರಿಚಿತವಲ್ಲ. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ‘ನಕಾಶೆ ಕಂಡ ದಾರಿ’ ಎಂಬ ಮಾತಿದೆ. ಸರ್ವೆ ನಕಾಶೆಯಲ್ಲಿ ಗೆರೆ ಇದ್ದರೆ ಹೊಲ ಯಾರದೇ ಆಗಿರಲಿ, ದಾರಿ ಮುಚ್ಚುವಂತಿಲ್ಲ. ಮುಚ್ಚಿದರೆ ತಹಶೀಲ್ದಾರರಿಗೆ ಅರ್ಜಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಗೆರೆಗಳೆಲ್ಲ ಸೇರಿದರೆ ಸುಮಾರು 2,25,000 ಕಿಲೋಮೀಟರ್! 1949ರ ಕಾಯ್ದೆಯ ಪ್ರಕಾರ ಪ್ರತಿ ಕೌಂಟಿಯೂ ತನ್ನ ಕಾಲುದಾರಿಗಳ ಅಧಿಕೃತ ನಕ್ಷೆ ಮಾಡಬೇಕಾಯಿತು. ಒಮ್ಮೆ ಸಾರ್ವಜನಿಕ ದಾರಿಯಾದದ್ದು ಯಾರೂ ಬಳಸಲಿಲ್ಲ ಎಂಬ ಕಾರಣಕ್ಕೆ ಅಳಿಯುವುದಿಲ್ಲ. ಜನ 20 ವರ್ಷ ಅಡೆತಡೆಯಿಲ್ಲದೆ ಹಕ್ಕಿನಿಂದ ಓಡಾಡಿದ ಜಾಗವೂ ದಾರಿಯೆಂದು ದಾಖಲಾಗಬಹುದು. ಹೊಲದ ನಡುವೆ ಹಾದ ದಾರಿಯನ್ನು ರೈತ ಉತ್ತರೆ ಹದಿನಾಲ್ಕು ದಿನಗಳಲ್ಲಿ ಮತ್ತೆ ನಡೆಯುವಂತೆ ಮಾಡಿಕೊಡಬೇಕು. ನಮ್ಮಲ್ಲಿ ನಕಾಶೆಯ ದಾರಿಗೆ ಹೋರಾಡುವವನು ತನ್ನ ಹೊಲಕ್ಕೆ ಗಾಡಿ ಹೋಗಲಿ ಎಂದು ಹೋರಾಡುತ್ತಾನೆ. ಅಲ್ಲಿ ಸುಮ್ಮನೆ ಗಾಳಿ ಕುಡಿಯಲು ಹೊರಟವರೂ ಅದಕ್ಕಾಗಿ ಹೋರಾಡಿದರು. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ದಾರಿ ಸಿಕ್ಕಿತು. ಬೆಟ್ಟ ಸಿಗಲಿಲ್ಲ.

ಪೀಕ್ ಡಿಸ್ಟ್ರಿಕ್ಟ್‌ನ ಉತ್ತರ ಭಾಗಕ್ಕೆ ಡಾರ್ಕ್ ಪೀಕ್ ಎನ್ನುತ್ತಾರೆ. ತಳದಲ್ಲಿ ಗ್ರಿಟ್‌ಸ್ಟೋನ್ ಎಂಬ ಒರಟು ಮರಳುಗಲ್ಲು. ಹಿಂದೆ ಇದರಿಂದ ಬೀಸುವ ಕಲ್ಲು ಕಡೆಯುತ್ತಿದ್ದರು. ಮಾರಾಟವಾಗದೆ ಉಳಿದ ದುಂಡು ಕಲ್ಲುಗಳು ಸ್ಟ್ಯಾನೇಜ್ ಎಂಬ ಉದ್ದನೆಯ ಬಂಡೆಸಾಲಿನ ಕೆಳಗೆ ಇಂದಿಗೂ ಹುಲ್ಲಿನಲ್ಲಿ ಬಿದ್ದಿವೆ. ಉದ್ಯಾನದ ಲಾಂಛನವೂ ಬೀಸುಕಲ್ಲೇ. ಈ ಕಲ್ಲಿನ ಮೇಲೆ ನೀರು ಬೇಗ ಇಂಗುವುದಿಲ್ಲ, ಚಳಿಗೆ ಸತ್ತ ಪಾಚಿ ಪೂರ್ತಿ ಕೊಳೆಯುವುದೂ ಇಲ್ಲ. ಅರ್ಧ ಕೊಳೆತದ್ದು ಪದರ ಪದರವಾಗಿ ಕೂತು ಕಪ್ಪು ಮಣ್ಣಿನಂಥ ಪೀಟ್ ಆಗುತ್ತದೆ. ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು ಬೆಳೆಯುವ ಪದರ ಇದು. ಆಳುದ್ದ ಪೀಟ್ ಎಂದರೆ ಸಾವಿರಾರು ವರ್ಷಗಳ ಲೆಕ್ಕ. ಮೇಲೆ ಮೊಣಕಾಲೆತ್ತರದ ಹೆದರ್ ಪೊದೆ, ಹತ್ತಿಯಂತೆ ಬಿಳಿಯ ಕುಚ್ಚು ತೂಗುವ ಕಾಟನ್‌ಗ್ರಾಸ್, ನೇರಳೆ ಬಣ್ಣದ ಸಣ್ಣ ಹುಳಿಹಣ್ಣು ಬಿಡುವ ಬಿಲ್‌ಬೆರಿ. ಮರ ಇಲ್ಲವೇ ಇಲ್ಲವೆನ್ನುವಷ್ಟು. ಇದೇ ಮೂರ್‌ಲ್ಯಾಂಡ್. ಇಂಗ್ಲಿಷ್ ಎಂ.ಎ. ಓದಿದವರು ಬ್ರಾಂಟೆ ಅಕ್ಕತಂಗಿಯರ ಕಾದಂಬರಿಗಳಲ್ಲಿ ಕಂಡ ಆ ಬೀಸುಗಾಳಿಯ ಬಯಲು.

ನೋಡಿದವರು ಇದನ್ನು ಆದಿಮ ಪ್ರಕೃತಿ ಎಂದುಕೊಳ್ಳುತ್ತಾರೆ. ನಿಜದಲ್ಲಿ ಮನುಷ್ಯ ಮಾಡಿಟ್ಟ ನೆಲ ಇದು. ಸಾವಿರಾರು ವರ್ಷಗಳ ಹಿಂದೆ ಇಲ್ಲಿದ್ದ ಕಾಡನ್ನು ಕಡಿದು ಸುಟ್ಟರು, ಆಮೇಲೆ ಕುರಿ ಮೇಯಿಸಿದರು, 19ನೇ ಶತಮಾನದಲ್ಲಿ ಶಿಕಾರಿಯ ಶೋಕಿ ಬಂತು. ಗ್ರೌಸ್ ಎಂಬ ಕೆಂಗಂದು ಹಕ್ಕಿಗೆ ಹೆದರ್‌ನ ಎಳೆ ಚಿಗುರೇ ಆಹಾರ. ಚಿಗುರು ಬರಲೆಂದು ಪೊದೆಗಳನ್ನು ಪಟ್ಟಿ ಪಟ್ಟಿಯಾಗಿ ಸುಡುತ್ತಾರೆ; ದೂರದಿಂದ ಬೆಟ್ಟ ತೇಪೆ ಹಾಕಿದ ಕೌದಿಯಂತೆ ಕಾಣುವುದು ಅದಕ್ಕೇ. ಆಗಸ್ಟ್ 12ರಿಂದ ಡಿಸೆಂಬರ್ 10ರವರೆಗೆ ಶಿಕಾರಿಯ ಕಾಲ. ಆ ಕೆಲವು ವಾರಗಳ ಬೇಟೆಗಾಗಿ ಡ್ಯೂಕರೂ ಗಿರಣಿ ಮಾಲೀಕರೂ ವರ್ಷವಿಡೀ ಬೆಟ್ಟಗಳಿಗೆ ಕಾವಲು ಹಾಕಿದ್ದರು. ಕೆಳಗೆ ಮ್ಯಾಂಚೆಸ್ಟರ್‌ನ ಹತ್ತಿ ಗಿರಣಿಗಳಲ್ಲಿ, ಶೆಫೀಲ್ಡ್‌ನ ಉಕ್ಕಿನ ಕುಲುಮೆಗಳಲ್ಲಿ ವಾರವೆಲ್ಲ ಹೊಗೆ ಕುಡಿದ ಕೂಲಿಕಾರರಿಗೆ ಭಾನುವಾರ ಕಣ್ಣೆದುರು ಬೆಟ್ಟ, ಆದರೆ ಒಳಗೆ ಕಾಲಿಡುವಂತಿಲ್ಲ. ಸ್ಕಾಟ್‌ಲ್ಯಾಂಡಿನ ಮೂರ್‌ಗಳಲ್ಲಿ ಜನ ನಡೆಯಲು ಬಿಡಿ ಎಂಬ ಮಸೂದೆಯನ್ನು ಸಂಸದ ಜೇಮ್ಸ್ ಬ್ರೈಸ್ 1884ರಲ್ಲೇ ಸಂಸತ್ತಿಗೆ ತಂದ. ಅದು ಬಿದ್ದುಹೋಯಿತು.

1932ರ ಏಪ್ರಿಲ್ 24, ಭಾನುವಾರ. ಹೇಫೀಲ್ಡ್ ಎಂಬ ಊರಿನ ಬಳಿಯ ಹಳೇ ಕ್ವಾರಿಯಲ್ಲಿ ಕೆಲವು ನೂರು ಯುವಕ ಯುವತಿಯರು ಸೇರಿದರು. ಮುಂದಾಳು ಬೆನ್ನಿ ರಾಥ್‌ಮನ್, ಮ್ಯಾಂಚೆಸ್ಟರ್‌ನ ಇಪ್ಪತ್ತರ ಹುಡುಗ. ಎಲ್ಲರೂ ಒಟ್ಟಾಗಿ ಕಿಂಡರ್ ಸ್ಕೌಟ್ ಬೆಟ್ಟ ಏರಿದರು. 636 ಮೀಟರಿನ ಇದು ಆ ಸೀಮೆಯಲ್ಲೇ ಎತ್ತರದ್ದು. ಕಾವಲುಗಾರರ ಜೊತೆ ತಳ್ಳಾಟವಾಯಿತು, ಒಬ್ಬ ಕಾವಲುಗಾರನಿಗೆ ಪೆಟ್ಟಾಯಿತು. ಹಿಂದಿರುಗುವಾಗ ಪೊಲೀಸರು ಆರು ಮಂದಿಯನ್ನು ಹಿಡಿದರು. ಅನ್ಯರ ಜಮೀನಿಗೆ ಕಾಲಿಡುವುದು ಆಗ ಅಪರಾಧವೇ ಆಗಿರಲಿಲ್ಲ, ಬರೀ ಸಿವಿಲ್ ವ್ಯಾಜ್ಯ. ಹಾಗಾಗಿ ದೊಂಬಿ, ಅಕ್ರಮ ಕೂಟದಂಥ ಆರೋಪ ಹೊರಿಸಿದರು. ಐವರಿಗೆ ಎರಡರಿಂದ ಆರು ತಿಂಗಳ ಜೈಲಾಯಿತು, ರಾಥ್‌ಮನ್‌ಗೆ ನಾಲ್ಕು ತಿಂಗಳು. ನಡೆಯಲು ಹೋಗಿ ಜೈಲಿಗೆ ಹೋದರಲ್ಲ ಎಂದು ಊರೆಲ್ಲ ಮಾತಾಡಿತು. ಅದುವರೆಗೆ ಸುಮ್ಮನಿದ್ದವರ ಕನಿಕರವೂ ಅತ್ತ ತಿರುಗಿತು. 2002ರಲ್ಲಿ, ಘಟನೆಯ ಎಪ್ಪತ್ತನೇ ವರ್ಷಕ್ಕೆ, ಅಂದಿನ ಬೆಟ್ಟದೊಡೆಯನ ಮೊಮ್ಮಗ, ಡೆವನ್‌ಶೈರ್‌ನ 11ನೇ ಡ್ಯೂಕ್, ಬಹಿರಂಗವಾಗಿ ಕ್ಷಮೆ ಕೇಳಿದರು.

ಈ ಕತೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ, ಹೇಳಬೇಕಾದದ್ದೇ. ಆದರೆ ಆ ದಿನ ನಡೆದದ್ದು ಸರಿಯಲ್ಲ ಎಂದು ಅಂದಿನ ನಡಿಗೆಯ ಸಂಘಟನೆಗಳ ಹಿರಿಯರೇ ಅಂದಿದ್ದರು. ವರ್ಷಗಟ್ಟಲೆ ಮಾತುಕತೆಯಿಂದ ಗಳಿಸಿದ್ದನ್ನು ಹುಡುಗರು ಒಂದು ದಿನದಲ್ಲಿ ಹಾಳು ಮಾಡಿದರು ಎಂಬುದು ಅವರ ಸಿಟ್ಟು. ಯಾರು ಸರಿ ಎಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ. ನನ್ನನ್ನು ಕೇಳಿದರೆ, ಬೆನ್ನಿಯ ಜೊತೆಗೆ ಎಥೆಲ್ ಹೇಥಾರ್ನ್‌ಥ್ವೇಟ್ ಎಂಬ ಹೆಂಗಸಿನ ಹೆಸರನ್ನೂ ಅಷ್ಟೇ ಜೋರಾಗಿ ಹೇಳಬೇಕು. ಶೆಫೀಲ್ಡ್‌ನ ಶ್ರೀಮಂತ ಮನೆತನದವಳು, ಮೊದಲ ಮಹಾಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು. ಮಂಕಾಗಿ ಕೂತವಳನ್ನು ಮನೆಯವರು ಊರಾಚೆಯ ಬಯಲಲ್ಲಿ ನಡೆಯಲು ಹೊರಡಿಸಿದರಂತೆ. 1924ರಲ್ಲಿ ಆಕೆ ಊರ ಸುತ್ತಲಿನ ನಿಸರ್ಗ ಉಳಿಸಲು ಸಂಘ ಕಟ್ಟಿದಳು. ರಟ್‌ಲ್ಯಾಂಡ್‌ನ ಡ್ಯೂಕ್ ತನ್ನ ಲಾಂಗ್‌ಷಾ ಎಸ್ಟೇಟನ್ನು ಮಾರಲು ಹೊರಟಾಗ, ಬಂಗಲೆಗಳ ಬಡಾವಣೆಯಾಗುವ ಮೊದಲೇ ಜನರಿಂದ ಚಂದಾ ಎತ್ತಿ 747 ಎಕರೆ ಕೊಳ್ಳುವಂತೆ ಮಾಡಿದಳು. 1931ರಲ್ಲಿ ಅದು ಇಂಥ ಜಾಗಗಳನ್ನು ಜನರಿಗಾಗಿ ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಹೋಯಿತು, ಎಂದರೆ ಎಲ್ಲರದ್ದಾಯಿತು. ಈಗ ಪೀಕ್ ಡಿಸ್ಟ್ರಿಕ್ಟ್‌ನ 95 ಬೆಟ್ಟಗಳಿಗೆ ಒಟ್ಟಾಗಿ ‘ಎಥೆಲ್‌ಗಳು’ ಎಂಬ ಹೆಸರಿದೆ.

ಎಲ್ಲಕ್ಕಿಂತ ಸೊಗಸಾದ ಸುಲಭ ನಡಿಗೆ ಇರುವುದೂ ಅದೇ ಲಾಂಗ್‌ಷಾದಲ್ಲಿ. ಶೆಫೀಲ್ಡ್‌ನಲ್ಲಿ ರೈಲು ಹತ್ತಿದರೆ ಕಾಲು ಗಂಟೆ. 1893ರ ಟೋಟ್ಲೆ ಸುರಂಗದ ಸುಮಾರು 5.7 ಕಿಲೋಮೀಟರ್ ಕತ್ತಲೆ ಕಳೆದು ಕಣ್ಣು ಬಿಡುವಷ್ಟರಲ್ಲಿ ಗ್ರಿಂಡಲ್‌ಫರ್ಡ್ ನಿಲ್ದಾಣ. ಅಲ್ಲಿಂದ ಹತ್ತೇ ನಿಮಿಷಕ್ಕೆ ಪ್ಯಾಡ್ಲಿ ಕಮರಿ. ಬರ್ಬೇಜ್ ಹಳ್ಳ ಬಂಡೆಯಿಂದ ಬಂಡೆಗೆ ಧುಮುಕುತ್ತ ಇಳಿಯುತ್ತದೆ, ಕಾಲುದಾರಿ ಅದರ ಪಕ್ಕದಲ್ಲೇ ಏರುತ್ತದೆ. ಎರಡೂ ಬದಿ ಹಳೆಯ ಓಕ್ ಕಾಡು. ಮರಗಳು ಎತ್ತರಕ್ಕಿಲ್ಲ, ತಿರುಚಿಕೊಂಡಿವೆ. ಬಂಡೆ, ಬೇರು, ಕೊಂಬೆ ಎಲ್ಲಕ್ಕೂ ಹಸಿರು ಪಾಚಿಯ ಹೊದಿಕೆ. ಆಗುಂಬೆಯ ಮಳೆಗಾಲ ಕಂಡವರಿಗೆ ಈ ಹಸಿರು ಪರಿಚಿತ, ಜಿಗಣೆ ಮಾತ್ರ ಇಲ್ಲ. ಬಿದ್ದ ದಿಮ್ಮಿಗಳಿಗೆ ಜನ ನಾಣ್ಯಗಳನ್ನು ಸಾಲಾಗಿ ಬಡಿದು ಕೂರಿಸಿದ್ದಾರೆ, ಒಳ್ಳೆಯದಾಗಲಿ ಎಂದು. ಹರಕೆ ಕಟ್ಟಿಕೊಳ್ಳುವುದು ನಾವಷ್ಟೇ ಎಂದುಕೊಂಡವರು ಅದನ್ನು ನೋಡಬೇಕು!

ಒಂದೂವರೆ, ಎರಡು ಕಿಲೋಮೀಟರ್ ಏರಿದ ಮೇಲೆ ಕಾಡು ಥಟ್ಟನೆ ಮುಗಿಯುತ್ತದೆ. ಎದುರಿಗೆ ಬಟಾಬಯಲು. ಹಳ್ಳ ಇಲ್ಲಿ ಸಮತಟ್ಟಾಗಿ ಹರಿಯುವುದರಿಂದ ಬೇಸಿಗೆಯಲ್ಲಿ ಮಕ್ಕಳು ನೀರಿಗಿಳಿದಿರುತ್ತಾರೆ, ಬುತ್ತಿ ಬಿಚ್ಚಿದ ಸಂಸಾರಗಳು ದಡದಲ್ಲಿರುತ್ತವೆ. ಅದರಾಚೆ ಹೆದರ್ ಇಳಿಜಾರು, ಹಿಗರ್ ಟೋರ್ ಎಂಬ ಬಂಡೆಗುಡ್ಡ. ಆಗಸ್ಟಿನ ಎರಡನೆಯ ಭಾಗದಲ್ಲಿ ಹೋದರೆ ಇಡೀ ಇಳಿಜಾರು ನೇರಳೆ. ಕಮರಿಯಿಂದ ಮೂರ್‌ಲ್ಯಾಂಡ್‌ವರೆಗಿನ ಪಲ್ಲಟವನ್ನು ಇಷ್ಟು ಕಡಿಮೆ ದೂರದಲ್ಲಿ ತೋರಿಸುವ ಜಾಗಗಳು ಕಡಿಮೆ. ಡ್ಯೂಕನ ಅತಿಥಿಗಳ ಸಾರೋಟು ಓಡಲೆಂದು ಮಾಡಿದ ಅಗಲದ ದಾರಿ ಇನ್ನೂ ಇದೆ. ಈಗ ಅದರ ಮೇಲೆ ಮಗುವಿನ ತಳ್ಳುಗಾಡಿಗಳು ಓಡುತ್ತವೆ. ಅವನ ಶಿಕಾರಿ ಬಂಗಲೆಯ ಪಕ್ಕದಲ್ಲೇ ಚಹಾ, ಕೇಕು ಸಿಗುತ್ತದೆ.

ದಕ್ಷಿಣಕ್ಕೆ ಹೋದರೆ ಬೇರೆಯೇ ಲೋಕ. ಅದು ವೈಟ್ ಪೀಕ್, ಸುಣ್ಣಕಲ್ಲಿನ ಸೀಮೆ. ಸುಮಾರು 35 ಕೋಟಿ ವರ್ಷಗಳ ಹಿಂದೆ ಅಲ್ಲಿದ್ದದ್ದು ಬೆಚ್ಚನೆಯ ಸಮುದ್ರ. ಅಂದಿನ ಜೀವಿಗಳ ಚಿಪ್ಪು ಹೊಲದ ಗೋಡೆಯ ಕಲ್ಲಿನಲ್ಲೂ ಕಣ್ಣಿಗೆ ಬೀಳುತ್ತದೆ. ಸುಣ್ಣಕಲ್ಲು ನೀರನ್ನು ನುಂಗುತ್ತದೆ. ಮ್ಯಾನಿಫೋಲ್ಡ್ ಹೊಳೆ ಒಣ ಹವೆಯಲ್ಲಿ ವೆಟ್ಟನ್ ಮಿಲ್ ಬಳಿ ನೆಲದೊಳಗೆ ಮಾಯವಾಗಿ ಕೆಲವು ಕಿಲೋಮೀಟರ್ ಆಚೆ ಐಲಮ್‌ನಲ್ಲಿ ಮೇಲೆದ್ದು ಬರುತ್ತದೆ. ನಡುವೆ ಸೇತುವೆಗಳಿರುತ್ತವೆ, ಕೆಳಗೆ ಬರೀ ಕಲ್ಲು.

ಈ ಹೊಳೆಯ ಪಕ್ಕದ ದಾರಿಗೆ ನಮ್ಮ ಕಡೆಯ ನಂಟಿದೆ. ಹಲ್ಮ್ ಎಂಡ್‌ನಿಂದ ವಾಟರ್‌ಹೌಸಸ್‌ವರೆಗೆ ಸುಮಾರು 13 ಕಿಲೋಮೀಟರ್ ಇರುವ ಈ ಹಾದಿ ಮೊದಲು ಪುಟ್ಟ ರೈಲಿನದಾಗಿತ್ತು. ಅದನ್ನು ರೂಪಿಸಿದ ಎಂಜಿನಿಯರ್ ಎವರಾರ್ಡ್ ಕ್ಯಾಲ್‌ಥ್ರಾಪ್. ಅದಕ್ಕೂ ಮೊದಲು ಇದೇ ಎರಡೂವರೆ ಅಡಿ ಅಗಲದ ಹಳಿಯನ್ನು ಆತ ಸೋಲಾಪುರದ ಕಡೆ ಬಾರ್ಶಿಗೂ ಕುರ್ಡುವಾಡಿಗೂ ನಡುವೆ ಹಾಕಿಸಿದ್ದ, 1897ರಲ್ಲಿ. ಸೋಲಾಪುರದ ಮೇಲೆ ಬೆಂಗಳೂರಿನಿಂದ ಮುಂಬಯಿಗೆ ಹೋದವರೆಲ್ಲ ಕುರ್ಡುವಾಡಿ ದಾಟಿದವರೇ. ಅಲ್ಲಿ ಕಲಿತದ್ದನ್ನು ಆತ 1904ರಲ್ಲಿ ಇಂಗ್ಲೆಂಡಿನ ಈ ಕಣಿವೆಯಲ್ಲಿ ಬಳಸಿದ. ದಖ್ಖನ್ನಿನ ಬಯಲಿಗೆ ಒಪ್ಪುವಂಥ ದೊಡ್ಡ ದೀಪ ಹೊತ್ತ ಎಂಜಿನ್ನುಗಳು ಹಾಲಿನ ಕ್ಯಾನುಗಳನ್ನು ಎಳೆದವು. ಲಾಭ ಹುಟ್ಟಲಿಲ್ಲ. 1934ರಲ್ಲಿ ರೈಲು ನಿಂತಿತು, 1937ರಲ್ಲಿ ಹಳಿಯ ಜಾಗ ನಡೆಯುವವರದಾಯಿತು. ರೈಲಿನ ಹಾದಿಗೆ ಕಡಿದಾದ ಏರು ಇರುವುದಿಲ್ಲವಷ್ಟೆ. ಅದಕ್ಕೆ ಮಂಡಿ ನೋವಿನವರಿಗೂ ಗಾಲಿಕುರ್ಚಿಯವರಿಗೂ ಹೇಳಿ ಮಾಡಿಸಿದ ನಡಿಗೆ ಇದು. ದಾರಿಯಲ್ಲಿ ತಲೆಯೆತ್ತಿದರೆ ಸುಣ್ಣಕಲ್ಲಿನ ಕೋಡಿನಲ್ಲಿ ಬಾಯಿ ತೆರೆದ ಥಾರ್ಸ್ ಗುಹೆ.

ಮಾನ್ಸಲ್ ಹಾದಿಯದೂ ಇದೇ ಕತೆ. 1863ರಲ್ಲಿ ಆ ಚೆಂದದ ಕಣಿವೆಗೆ ಅಡ್ಡಲಾಗಿ ರೈಲು ಸೇತುವೆ ಕಟ್ಟಿದ್ದಕ್ಕೆ ಲೇಖಕ ಜಾನ್ ರಸ್ಕಿನ್ ಕೆಂಡವಾಗಿದ್ದ. ಪಕ್ಕದ ಊರನ್ನು ಅರ್ಧ ಗಂಟೆಯಲ್ಲಿ ಮುಟ್ಟಲು ದೇವತೆಗಳ ಜಾಗ ಕೆಡಿಸಿದಿರಿ ಎಂಬುದು ಅವನ ತಕರಾರು. 1968ರಲ್ಲಿ ರೈಲು ನಿಂತಿತು, 2011ರಲ್ಲಿ ಸುರಂಗಗಳೂ ನಡೆಯುವವರಿಗೆ, ಸೈಕಲ್ಲಿನವರಿಗೆ ತೆರೆದವು. ಈಗ ಜನ ಸಾಲುಗಟ್ಟಿ ಫೋಟೋ ತೆಗೆಯುವುದು ಅದೇ ಸೇತುವೆಯನ್ನು.

ಡವ್‌ಡೇಲ್ ಬಗ್ಗೆ ಎಲ್ಲ ಪ್ರವಾಸಿ ಪುಸ್ತಕಗಳೂ ಬರೆಯುತ್ತವೆ. ಡವ್ ಹೊಳೆ, ಅದನ್ನು ದಾಟಲು ಇಟ್ಟ ಸಾಲುಗಲ್ಲುಗಳು ಚೆಂದವೇ. ಬೇಸಿಗೆಯ ಭಾನುವಾರ ಮಾತ್ರ ಅತ್ತ ಹೋಗಬೇಡಿ. ಒಂದೊಂದು ಕಲ್ಲಿಗೂ ಸರದಿ ನಿಲ್ಲಬೇಕಾಗುತ್ತದೆ. ಲೇಡಿಬೋವರ್ ಜಲಾಶಯದ ದಡವೂ ಸಮತಟ್ಟಾದ ನಡಿಗೆಯೇ. ಅದರಡಿ ಡರ್ವೆಂಟ್, ಆಷಪ್‌ಟನ್ ಎಂಬ ಎರಡು ಹಳ್ಳಿ ಮುಳುಗಿವೆ. ಶರಾವತಿಯ ಹಿನ್ನೀರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕಿಂಡರ್‌ನ ನೆತ್ತಿ. ಅದನ್ನು ಸುಲಭ ನಡಿಗೆಯ ಪಟ್ಟಿಗೆ ಸೇರಿಸಬೇಡಿ. ಎಡೇಲ್ ಹಳ್ಳಿಯಿಂದ ಬುಡದವರೆಗಿನ ಹುಲ್ಲುಗಾವಲಿನ ದಾರಿ ಹಿತವಾದದ್ದು, 431 ಕಿಲೋಮೀಟರ್ ಉದ್ದದ ಪೆನ್ನೈನ್ ವೇ ಶುರುವಾಗುವುದೂ ಅಲ್ಲಿಯೇ. ಮೇಲೆ ಹೋದರೆ ಗುರುತಿಗೆ ಮರವಿಲ್ಲ. ಪೀಟ್‌ನಲ್ಲಿ ಕೊರೆದ ಆಳದ ಕೊರಕಲುಗಳು ಒಂದರಂತೆ ಇನ್ನೊಂದು. ಜುಲೈನಲ್ಲೂ ಮಂಜು ಕವಿದರೆ ಬಂದ ದಿಕ್ಕೇ ತಿಳಿಯುವುದಿಲ್ಲ. ಆ ಕೊರಕಲುಗಳಿಗೂ ಕೆಳಗಿನ ನಗರಗಳೇ ಕಾರಣ. ಗಿರಣಿಗಳ ಕಲ್ಲಿದ್ದಲ ಹೊಗೆಯ ಗಂಧಕ ಮಳೆಯೊಂದಿಗೆ ಬಿದ್ದು, ಪೀಟ್ ಕಟ್ಟುವ ಸ್ಫ್ಯಾಗ್ನಮ್ ಪಾಚಿಯನ್ನು ಕೊಂದಿತು. ಬೋಳಾದ ಪೀಟ್ ಗಾಳಿ ಮಳೆಗೆ ಕೊಚ್ಚಿಹೋಗತೊಡಗಿತು. ಒಣಗಿದರೆ ಬೆಂಕಿಯ ಭಯ ಬೇರೆ. 2018ರ ಜೂನ್‌ನಲ್ಲಿ ಸ್ಯಾಡಲ್‌ವರ್ತ್ ಮೂರ್ ಹೊತ್ತಿಕೊಂಡಾಗ ಸೈನ್ಯವನ್ನೇ ಕರೆಸಬೇಕಾಯಿತು.

2003ರಿಂದ ಮೂರ್ಸ್ ಫಾರ್ ದ ಫ್ಯೂಚರ್ ಎಂಬ ಸಹಭಾಗಿತ್ವದ ಸಂಸ್ಥೆ ಈ ಗಾಯಕ್ಕೆ ಮದ್ದು ಮಾಡುತ್ತಿದೆ. ಹೆಲಿಕಾಪ್ಟರಿನಲ್ಲಿ ಕಲ್ಲು ತಂದು ಕೊರಕಲುಗಳಿಗೆ ಒಡ್ಡು ಹಾಕುತ್ತಾರೆ, ಸುಣ್ಣ ಎರಚಿ ಹುಲ್ಲು ಎಬ್ಬಿಸುತ್ತಾರೆ, ಪಾಚಿಯ ಸಸಿಗಳನ್ನು ಕೈಯಿಂದ ನೆಡುತ್ತಾರೆ. ಜನರ ಕಾಲ್ತುಳಿತಕ್ಕೆ ಪೀಟ್ ಕರಗದಿರಲೆಂದು ಪೆನ್ನೈನ್ ವೇ ಮೇಲೆ ಚಪ್ಪಡಿ ಹಾಸಿದ್ದಾರೆ. ಚಪ್ಪಡಿಗಳಲ್ಲಿ ಬಹಳಷ್ಟು ಕೆಡವಿದ ಹಳೆಯ ಗಿರಣಿಗಳ ನೆಲಹಾಸು. ಬೆಟ್ಟ ಕೆಡಿಸಿದ ಗಿರಣಿಯ ಕಲ್ಲೇ ಬೆಟ್ಟ ಕಾಯುವ ಕೆಲಸಕ್ಕೆ ಬಂತು.

2000ನೇ ಇಸವಿಯ ಕಾಯ್ದೆ ಮೂರ್‌ಗಳ ಮೇಲೆ ದಾರಿ ಬಿಟ್ಟೂ ಅಡ್ಡಾಡುವ ಹಕ್ಕು ಕೊಟ್ಟಿತು. 2005ರ ಹೊತ್ತಿಗೆ ಅದು ಇಂಗ್ಲೆಂಡಿನಾದ್ಯಂತ ಜಾರಿಗೆ ಬಂತು. ಆದರೆ ಈ ಹಕ್ಕು ಸಿಗುವ ನೆಲ ಇಂಗ್ಲೆಂಡಿನ ಶೇ. 8ರಷ್ಟು ಮಾತ್ರ. ನಮ್ಮಲ್ಲಿ ಕುಮಾರ ಪರ್ವತ ಏರಲು ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಬೇಕು. ಆನೆ ಓಡಾಡುವ ಕಾಡಿಗೂ ಗ್ರೌಸ್ ಹಾರುವ ಬಯಲಿಗೂ ಒಂದೇ ನಿಯಮ ಸಾಧ್ಯವಿಲ್ಲ, ಅದರಲ್ಲಿ ತಕರಾರಿಲ್ಲ. ಆದರೆ ಊರೂರಿನ ನಕಾಶೆಯಲ್ಲಿ ಮಲಗಿರುವ ನಮ್ಮ ಕಾಲುದಾರಿಗಳಲ್ಲಿ ಒಂದಿಷ್ಟನ್ನಾದರೂ ಗುರುತು ಹಾಕಿ ಏಕೆ ತೆರೆಯಬಾರದು?

ಮ್ಯಾಂಚೆಸ್ಟರ್, ಶೆಫೀಲ್ಡ್, ಲೀಡ್ಸ್‌ನಲ್ಲಿರುವ ಮಕ್ಕಳ ಮನೆಗೆಂದು ಹೋಗಿ, ಅವರು ಕೆಲಸಕ್ಕೆ ಹೊರಟ ಮೇಲೆ ಕಿಟಕಿಯ ಪಕ್ಕ ಕೂರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ವಾರದ ನಡುವೆ, ಮೋಡವಿದ್ದರೂ ಮಳೆಯಿಲ್ಲದ ದಿನ ಹೊರಡಿ. ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಡಾರ್ಕ್ ಪೀಕ್‌ಗೆ ಓಎಲ್ 1, ವೈಟ್ ಪೀಕ್‌ಗೆ ಓಎಲ್ 24 ಹಾಳೆ; ಹಸಿರು ತುಂಡುಗೆರೆ ಕಂಡಲ್ಲೆಲ್ಲ ನಡೆಯಬಹುದು. ಹಳದಿ ಬಾಣ ನಡೆಯುವವರಿಗೆ, ನೀಲಿ ಬಾಣದ ದಾರಿಯಲ್ಲಿ ಕುದುರೆ, ಸೈಕಲ್ಲೂ ಬರುತ್ತವೆ. ಗೇಟು ತೆರೆದರೆ ಹಾಕಿ ಹೋಗಿ, ಕುರಿ ಹೊರಬಿದ್ದರೆ ರೈತನಿಗೆ ಕಷ್ಟ. ಕೆಲವು ಗೋಡೆಗಳಿಗೆ ಗೇಟಿಲ್ಲ, ಕುರಿ ದಾಟದಂತೆ ಮನುಷ್ಯ ಹತ್ತಿಳಿಯುವಂತೆ ಚಾಚಿದ ಕಲ್ಲಿನ ಮೆಟ್ಟಿಲಿದೆ, ಕರಾವಳಿಯ ತೋಟದ ತಡಮೆಯ ಕೆಲಸ ಅದರದ್ದು; ಮಂಡಿ ಒಪ್ಪದಿದ್ದರೆ ರೈಲಿನ ಹಳೇ ಹಾದಿಗಳನ್ನೇ ಆರಿಸಿಕೊಳ್ಳಿ. ಮಳೆಯಂಗಿ ಮರೆಯಬೇಡಿ, ಮೊಬೈಲ್ ಸಿಗ್ನಲ್ ನಂಬಬೇಡಿ. ಒಂದೇ ದಿನ ಇದ್ದರೆ ಎಡೇಲ್‌ನಲ್ಲಿ ಇಳಿಯಬೇಡಿ, ಗ್ರಿಂಡಲ್‌ಫರ್ಡ್‌ನಲ್ಲಿ ಇಳಿಯಿರಿ. ವಾಪಸು ರೈಲಿನ ಸಮಯವನ್ನು ಇಳಿದ ಕೂಡಲೇ ನೋಡಿಟ್ಟುಕೊಳ್ಳಿ, ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ.